ಕಾಫಿ ಇಳಿದ ಬಂದರಿಗೆ ಹುರಿ ತಂದವರು

ಚಿಕ್ಕಮಗಳೂರಿನ ಬೆಟ್ಟಗಳಿಗೂ ಅರಬ್ಬಿ ಸಮುದ್ರಕ್ಕೂ ಇರುವ ನಂಟು ಹಳೆಯದು. ಯಮನ್‌ನ ಮೋಖಾ ಬಂದರಿನಿಂದ ಏಳು ಕಾಫಿ ಬೀಜ ತಂದ ಬಾಬಾ ಬುಡನ್‌ರ ಕಥೆಯನ್ನು ಇಲ್ಲಿನ ಮಕ್ಕಳೂ ಹೇಳುತ್ತಾರೆ. ಬ್ರಿಟಿಷರ ಕಾಲದಲ್ಲಿ ಈ ತೋಟಗಳ ಕಾಫಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಮಂಗಳೂರು ಸೇರುತ್ತಿತ್ತು. ಅಲ್ಲಿ ಹದಗೊಂಡು ಹಡಗೇರುತ್ತಿತ್ತು. ಅದೇ ಬಂದರಿಗೆ ಪಡುವಣ ಕಡಲಿನಿಂದ ಇನ್ನೊಂದು ಸರಕು ಬರುತ್ತಿತ್ತು. ಅದು ತೆಂಗಿನ ನಾರಿನ ಹುರಿ. ತರುತ್ತಿದ್ದವರು ಅಮಿನ್‌ದಿವಿ ದ್ವೀಪಗಳ ಮೂಲನಿವಾಸಿಗಳು. ಅವರು 1956ರವರೆಗೂ ನಮ್ಮ ನೆರೆಯ ದಕ್ಷಿಣ ಕನ್ನಡ ಜಿಲ್ಲೆಯವರೇ ಆಗಿದ್ದರೆಂಬುದು ಇಂದು ಎಷ್ಟು ಜನರಿಗೆ ನೆನಪಿದೆ?

ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಇವು ಈ ಗುಂಪಿನ ದ್ವೀಪಗಳು. ಮದೀನಾದಿಂದ ಹೊರಟ ಹಝ್ರತ್ ಉಬೈದುಲ್ಲಾ ಅವರ ಹಡಗು ಒಡೆದು, ಅವರು ಅಮಿನಿಯ ದಡ ಸೇರಿ, ದ್ವೀಪಗಳಲ್ಲಿ ಇಸ್ಲಾಮ್ ಪ್ರಚಾರ ಮಾಡಿದರೆಂಬುದು ಅಲ್ಲಿನವರ ನಂಬಿಕೆ. ಅವರ ಕಾಲದ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅವರ ಸಮಾಧಿ ಆಂದ್ರೋತ್ ದ್ವೀಪದಲ್ಲಿದೆ. ಬೆಟ್ಟಕ್ಕೊಬ್ಬರು, ದ್ವೀಪಕ್ಕೊಬ್ಬರು ಸಂತರನ್ನು ಒಂದೇ ಕಡಲು ತಂದುಕೊಟ್ಟಿತು.

ಆಡಳಿತದ ಕಥೆ ಬೇರೆ. ಕಣ್ಣೂರಿನ ಅರಕ್ಕಲ್ ಮನೆತನದ ಅಧಿಕಾರಿಗಳ ಕಿರುಕುಳದಿಂದ ಬೇಸತ್ತ ಅಮಿನಿಯವರು 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಮೊರೆಹೋದರು. ಅರಕ್ಕಲ್ ಬೀವಿಯೊಂದಿಗೆ ಮಾತುಕತೆ ನಡೆದು ಈ ದ್ವೀಪಗಳು ಮೈಸೂರಿನ ಕೈಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪೆನಿ ಇವನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಮಂಗಳೂರಿನ ಕಲೆಕ್ಟರರ ಪರವಾಗಿ ಅಮಿನಿಯಲ್ಲಿ ‘ಮೊನೆಗಾರ್’ ಎಂಬ ಅಧಿಕಾರಿ ಊರ ಹಿರಿಯರ ಜೊತೆ ಕುಳಿತು ವ್ಯಾಜ್ಯ ತೀರಿಸುತ್ತಿದ್ದ.

ಈ ಹವಳದ ಮರಳಿನಲ್ಲಿ ಭತ್ತ ಬೆಳೆಯುವುದಿಲ್ಲ. ತೆಂಗು ಬೆಳೆಯುತ್ತದೆ. ಆದ್ದರಿಂದ ಅಕ್ಕಿ ಹೊರಗಿನಿಂದಲೇ ಬರಬೇಕು. ಸರಕಾರ ಹುರಿಯ ವ್ಯಾಪಾರವನ್ನು ತನ್ನ ಏಕಸ್ವಾಮ್ಯವಾಗಿ ಇಟ್ಟುಕೊಂಡಿತ್ತು. ತಾನೇ ಬೆಲೆ ಗೊತ್ತುಮಾಡಿ ಹುರಿ ಪಡೆದು, ಬದಲಿಗೆ ಅಕ್ಕಿ ಕೊಡುತ್ತಿತ್ತು. ಆ ಹುರಿ ಹೊಸೆದವರು ಮಾತ್ರ ಮಂಗಳೂರನ್ನು ಕಂಡವರಲ್ಲ. ಕಾಯಿಸಿಪ್ಪೆಯನ್ನು ಕಡಲಂಚಿನ ಗುಂಡಿಗಳಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ಕೊಡತಿಯಿಂದ ಬಡಿದು, ನಾರು ಬಿಡಿಸಿ, ಅಂಗೈಯಲ್ಲಿ ಹೊಸೆಯುತ್ತಿದ್ದವರು ಹೆಂಗಸರು. ಗಂಡಸರು ‘ಓಡಂ’ ಎಂಬ ಹಾಯಿಹಡಗುಗಳಲ್ಲಿ, ನಕ್ಷತ್ರ ನೋಡಿ ದಾರಿ ಹಿಡಿಯುವ ‘ಮಾಲ್ಮಿ’ಗಳ ನೆರವಿನಿಂದ ಅದನ್ನು ಕರಾವಳಿಗೆ ಒಯ್ಯುತ್ತಿದ್ದರು. ಮಳೆಗಾಲ ಬಂತೆಂದರೆ ಹಡಗು ದಡಕ್ಕೆ. ಅಲ್ಲಿಂದ ಮುಂದೆ ಕೂಡಿಟ್ಟ ಅಕ್ಕಿಯೇ ಗತಿ.

ಮನೆಯ ಕಟ್ಟಳೆಯಲ್ಲೂ ಹೆಣ್ಣೇ ನಡುಗಂಬ. ತುಳುನಾಡಿನ ಅಳಿಯಕಟ್ಟಿನಂತೆ ಅಲ್ಲಿ ತರವಾಡು ತಾಯಿಯ ಕಡೆಯಿಂದ ನಡೆಯುತ್ತದೆ. ಮದುವೆಯಾದ ಮೇಲೂ ಹೆಂಡತಿ ತವರಿನಲ್ಲೇ ಉಳಿದು, ಗಂಡ ರಾತ್ರಿ ಅಲ್ಲಿಗೆ ಬಂದು ಹೋಗುವುದು ಹಳೆಯ ಪದ್ಧತಿ. ಆಸ್ತಿಯಲ್ಲಿ ಎರಡು ಬಗೆ. ತರವಾಡಿನದು ‘ಶುಕ್ರವಾರದ ಆಸ್ತಿ’. ಅದು ತಾಯಿಯ ಸಂತತಿಗೆ ಸೇರಿದ್ದು. ಸ್ವಂತ ಗಳಿಕೆ ‘ಸೋಮವಾರದ ಆಸ್ತಿ’. ಅದಕ್ಕೆ ಶರೀಅತ್‌ನ ನಿಯಮ. ಧರ್ಮವನ್ನೂ ಸಂಪ್ರದಾಯವನ್ನೂ ಒಂದೇ ಮನೆಯಲ್ಲಿ ಜಗಳವಿಲ್ಲದೆ ಇರಿಸಿಕೊಂಡ ಈ ಜಾಣ್ಮೆ ಮೆಚ್ಚತಕ್ಕದ್ದು.

ಊರಿನ ಕಷ್ಟವೂ ಹಂಚಿಕೆಯದೇ. ತೆಂಗಿನ ಮರವೇರಿ ಎಳೆಗಾಯಿ ಕೊರೆಯುವ ಇಲಿಗಳು ಅಲ್ಲಿನ ದೊಡ್ಡ ಶತ್ರು. ಗೊತ್ತಾದ ದಿನ ಗಂಡಸರೆಲ್ಲ ಕೋಲು ಹಿಡಿದು ಇಲಿಬೇಟೆಗೆ ಬರಲೇಬೇಕಿತ್ತು.

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. ಮಲಯಾಳದ ಒಂದು ಒಳನುಡಿಯಾದ ಜೆಸರಿಯನ್ನಾಡುವ ಅಮಿನ್‌ದಿವಿ ಮಾತ್ರ ಉಳಿದ ದ್ವೀಪಗಳೊಂದಿಗೆ ಕೇಂದ್ರಾಡಳಿತ ಪ್ರದೇಶವಾಯಿತು. ‘ಲಕ್ಷದ್ವೀಪ’ ಎಂಬ ಹೆಸರು ಬಂದದ್ದು 1973ರಲ್ಲಿ. ತಾನೂ ತಂದೆ–ತಾಯಿ ಇಬ್ಬರೂ ದ್ವೀಪದಲ್ಲೇ ಹುಟ್ಟಿದವರಾದರೆ ಅಲ್ಲಿನ ನಿವಾಸಿ ಪರಿಶಿಷ್ಟ ಪಂಗಡಕ್ಕೆ ಸೇರುತ್ತಾನೆ. ಈ ಮಾನ್ಯತೆ ಅವರ ನೆಲಕ್ಕೆ ಬೇಲಿಯಂತಿರಬೇಕಿತ್ತು.

ಆ ಬೇಲಿ ಎಷ್ಟು ಗಟ್ಟಿ ಎಂಬುದನ್ನು ಬಿತ್ರಾ ಕೇಳುತ್ತಿದೆ. ಒಂದು ಚದರ ಕಿಲೋಮೀಟರಿನ ಹತ್ತನೇ ಒಂದು ಪಾಲಿನಷ್ಟು ಪುಟ್ಟ ನೆಲ ಅದು. ಒಂದು ಕಾಲಕ್ಕೆ ಕಡಲಹಕ್ಕಿಗಳು ಮೊಟ್ಟೆಯಿಡುತ್ತಿದ್ದ ಜಾಗ. 1945ರ ಹೊತ್ತಿಗೆ ಚೆತ್ಲತ್‌ನ ಒಬ್ಬ ಮುದುಕಿ ಮಗನೊಂದಿಗೆ ಬಂದು ನೆಲೆಸಿದಳೆನ್ನುತ್ತಾರೆ. 2011ರ ಜನಗಣತಿಯಲ್ಲಿ ಅಲ್ಲಿದ್ದವರು 271 ಮಂದಿ. 2025ರ ಜುಲೈಯಲ್ಲಿ ಆಡಳಿತವು ರಕ್ಷಣಾ ಉದ್ದೇಶಕ್ಕೆ ಇಡೀ ದ್ವೀಪವನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಸ್ತಾವದೊಂದಿಗೆ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಅಧಿಸೂಚನೆ ಹೊರಡಿಸಿತು. ದ್ವೀಪದ ಜನರೂ ಸಂಸದ ಹಮ್ದುಲ್ಲಾ ಸಯೀದ್ ಅವರೂ ವಿರೋಧಿಸಿದರು.

ಕಳಸ, ಮೂಡಿಗೆರೆಯ ಕಡೆಯವರಿಗೆ ಈ ಆತಂಕ ಅಪರಿಚಿತವಲ್ಲ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆಯಾದಂದಿನಿಂದ ಅದರೊಳಗಿನ ಮಲೆಕುಡಿಯರು ‘ನಾವು ಏಳಬೇಕೋ, ಇರಬಹುದೋ’ ಎಂದು ಕೇಳುತ್ತಲೇ ಬಂದಿದ್ದಾರೆ. ದೇಶಕ್ಕೆ ಕಾಡೂ ಬೇಕು, ಕಾವಲೂ ಬೇಕು. ಆದರೆ ಅದರ ಬೆಲೆ ಕಟ್ಟಲು ಪ್ರತಿಸಲವೂ ಅತಿ ಸಣ್ಣ ಜನರನ್ನೇ ಕರೆಯುವುದು ನ್ಯಾಯವೇ? ಹಿಂದೆ ಅವರ ಹುರಿಗೆ ಬೆಲೆ ಗೊತ್ತುಮಾಡಿದವರು ಅವರನ್ನು ಕೇಳಿರಲಿಲ್ಲ. ಅವರ ನೆಲದ ವಿಷಯದಲ್ಲಾದರೂ ಮೊದಲು ಅವರನ್ನು ಕೇಳಬೇಕು.