ನಕ್ಷೆಗೆ ಸಿಗದ ದಾರಿ

ಅಮೆರಿಕದ ಪೂರ್ವಭಾಗದ ಪರ್ವತಶ್ರೇಣಿಯ ಮೇಲೆ ಜಾರ್ಜಿಯಾದಿಂದ ಮೇಯ್ನ್ ರಾಜ್ಯದವರೆಗೆ ಸಾಗುವ ಅಪಲೇಚಿಯನ್ ಕಾಲುದಾರಿಯು 1937ರಲ್ಲಿ ಪೂರ್ಣಗೊಂಡಿತು. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಆರೈಕೆಯಿಲ್ಲದೆ, ಪೊದೆ ಬೆಳೆದು, ಮರಗಳುರುಳಿ, ಹಲವೆಡೆ ಅಳಿಸಿಹೋಯಿತು. ನಕ್ಷೆಯಲ್ಲಿದ್ದ ಗೆರೆ ನೆಲದ ಮೇಲೆ ಉಳಿದಿರಲಿಲ್ಲ.

1948ರ ಏಪ್ರಿಲ್ 4ರಂದು ಅರ್ಲ್ ಶಾಫರ್ ಎಂಬ 29 ವರ್ಷದ ಮಾಜಿ ಸೈನಿಕರು ಈ ದಾರಿಯನ್ನು ಹಿಡಿದರು. ಯುದ್ಧದಲ್ಲಿ ಆಪ್ತಮಿತ್ರನನ್ನು ಕಳೆದುಕೊಂಡ ದುಃಖ ಅವರೊಡನಿತ್ತು. ಬರೆದು ಕೇಳಿದ್ದ ನಕ್ಷೆಗಳು ಹೊರಡುವ ಮುನ್ನ ಕೈಸೇರಲಿಲ್ಲ. ಕಾಲುದಾರಿಯನ್ನು ಕಾಣಿಸದ ಮೋಟಾರು ರಸ್ತೆಯ ನಕ್ಷೆಗಳು, ಒಂದು ದಿಕ್ಸೂಚಿ ಇವೇ ಅವರಿಗೆ ಆಧಾರ. ಮರಗಳ ಮೇಲಿನ ಬಿಳಿಯ ಗುರುತುಗಳನ್ನರಸುತ್ತ, ತಪ್ಪಿದಾಗ ಹಿಂದಿರುಗುತ್ತ, ಸ್ಥಳೀಯರನ್ನು ವಿಚಾರಿಸುತ್ತ ನಡೆದರು. 124 ದಿನಗಳಲ್ಲಿ ಸುಮಾರು 3,300 ಕಿ.ಮೀ. ಕ್ರಮಿಸಿ ಆಗಸ್ಟ್ 5ರಂದು ಕಟಾಡಿನ್ ಶಿಖರವನ್ನೇರಿದರು.

ಒಂದೇ ಪಯಣದಲ್ಲಿ ಇಡೀ ದಾರಿಯನ್ನು ನಡೆದ ಮೊದಲಿಗರೆಂದು ದಾಖಲಾದವರು ಇವರೇ. ದಾರಿಯ ಮೇಲ್ವಿಚಾರಕರು ಮೊದಲು ಇದನ್ನು ನಂಬಲಿಲ್ಲ. ದಿನಚರಿಯನ್ನೂ ಛಾಯಾಚಿತ್ರಗಳನ್ನೂ ಕಂಡ ಬಳಿಕ ಒಪ್ಪಿದರು.

ನಕ್ಷೆಯೆಂಬುದು ಹಿಂದೆ ನಡೆದವರ ನೆನಪು. ನೆಲ ಬದಲಾದರೆ ನೆನಪೂ ತಪ್ಪುತ್ತದೆ. ಅದನ್ನು ತಿದ್ದಬಲ್ಲವನು ನಡೆದವನೇ. ಶಾಫರ್ ಅವರು ಮುಂದೆ ಅದೇ ದಾರಿಯ ನಿರ್ವಹಣೆಗೆ ಸ್ವಯಂಸೇವಕರಾಗಿ ದುಡಿದರು ಎಂಬುದು ಗಮನಾರ್ಹ. 1998ರಲ್ಲಿ, 79ರ ವಯಸ್ಸಿನಲ್ಲಿ, ಮತ್ತೊಮ್ಮೆ ಅದನ್ನು ಪೂರ್ತಿಯಾಗಿ ನಡೆದರು. ದಾರಿ ತಪ್ಪಿ ಅಲೆದವರೇ ಹಿಂದೆ ಬರುವವರಿಗೆ ದಾರಿಯನ್ನು ಹಸನು ಮಾಡಿದರು.