ನೌಕಾಸ್ಥೈರ್ಯ ವಿಚಾರ: ಲಕ್ಷಣವೂ ಉಪಪತ್ತಿಯೂ

ಭೋಜರಾಜನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ‘ಯುಕ್ತಿಕಲ್ಪತರು’ವೆಂಬ ಸಂಸ್ಕೃತ ಗ್ರಂಥದಲ್ಲಿ ನೌಕೆಗಳ ಲಕ್ಷಣವನ್ನು ಹೇಳುವ ಒಂದು ಪ್ರಕರಣವುಂಟು. 1912ರಲ್ಲಿ ರಾಧಾಕುಮುದ ಮುಖರ್ಜಿಯವರು ಭಾರತೀಯ ನೌಕಾಯಾನವನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥದಲ್ಲಿ ಈ ಪ್ರಕರಣದ ಸಾರವನ್ನು ಪ್ರಕಟಿಸಿದ ಮೇಲೆ ಅದು ದೇಶದಲ್ಲೆಲ್ಲ ಪ್ರಚಾರಕ್ಕೆ ಬಂದಿತು. ಪ್ರಾಚೀನ ಭಾರತೀಯರು ಹಡಗಿನ ಸ್ಥೈರ್ಯತತ್ತ್ವವನ್ನು ಶಾಸ್ತ್ರತಃ ಬಲ್ಲವರಾಗಿದ್ದರೆಂಬುದಕ್ಕೆ ಈ ಪ್ರಕರಣವನ್ನೇ ಪ್ರಮಾಣವಾಗಿ ಉದಾಹರಿಸುವುದು ಉಪನ್ಯಾಸಕರಲ್ಲಿ ವಾಡಿಕೆಯಾಗಿದೆ. ಈ ಲೇಖಕನೂ ಯೌವನದಲ್ಲಿ ಒಂದು ಸಭೆಯಲ್ಲಿ ಹಾಗೆಯೇ ಪ್ರತಿಪಾದಿಸಿ ಕರತಾಡನವನ್ನು ಪಡೆದವನು. ಆ ಮಾತು ವಿಚಾರಕ್ಕೆ ನಿಲ್ಲುವುದೇ ಎಂಬುದನ್ನು ಈಗ ಪರಿಶೀಲಿಸುವುದು ನನ್ನ ಪಾಲಿನ ಋಣವೆಂದು ಭಾವಿಸಿ ಈ ಲೇಖನವನ್ನು ವಿದ್ವಾಂಸರ ಮುಂದಿಡುತ್ತೇನೆ.

ಮೊದಲು ಗ್ರಂಥವು ಹೇಳುವುದೇನೆಂಬುದನ್ನು ನೋಡೋಣ. ನೌಕೆಗಳು ಸಾಮಾನ್ಯ, ವಿಶೇಷ ಎಂದು ಎರಡು ಬಗೆ. ವಿಶೇಷದಲ್ಲಿ ಮತ್ತೆ ದೀರ್ಘಾ, ಉನ್ನತಾ ಎಂದು ಎರಡು ಭೇದ. ಸಾಮಾನ್ಯವರ್ಗದಲ್ಲಿ ಕ್ಷುದ್ರಾ ಮೊದಲ್ಗೊಂಡು ಮಂಥರಾವರೆಗೆ ಹತ್ತು, ದೀರ್ಘಾವರ್ಗದಲ್ಲಿ ದೀರ್ಘಿಕಾ ಮೊದಲ್ಗೊಂಡು ವೇಗಿನಿಯವರೆಗೆ ಹತ್ತು, ಉನ್ನತಾವರ್ಗದಲ್ಲಿ ಊರ್ಧ್ವಾ ಮೊದಲಾದ ಐದು. ಇವುಗಳ ಉದ್ದ, ಅಗಲ, ಎತ್ತರಗಳನ್ನು ಹಸ್ತಮಾನದಲ್ಲಿ ಹೇಳಿದೆ. ಅನಂತರ ಫಲನಿರೂಪಣೆ: ಸಾಮಾನ್ಯವರ್ಗದಲ್ಲಿ ಭೀಮಾ, ಭಯಾ, ಗರ್ಭರಾ ಎಂಬ ಮೂರು ಅಶುಭ, ದೀರ್ಘಾವರ್ಗದಲ್ಲಿ ಲೋಲಾ, ಗಾಮಿನೀ, ಪ್ಲಾವಿನೀ ಅಶುಭ, ಉನ್ನತಾವರ್ಗದಲ್ಲಿ ಅನೂರ್ಧ್ವಾ, ಗರ್ಭಿಣೀ, ಮಂಥರಾ ಅಶುಭ, ಊರ್ಧ್ವಾ ಲಾಭಕರ. ಅಶುಭವೆಂದ ನಾವೆಗಳ ಪ್ರಮಾಣವು ನೀರಿನ ಮೇಲೆ ಸಮತೋಲವಾಗಿ ನಿಲ್ಲುವುದಕ್ಕೆ ಪ್ರಾಯಶಃ ಅನುಕೂಲವಾಗಿರಲಿಲ್ಲವೆಂದು ಮುಖರ್ಜಿಯವರು ಊಹಿಸಿದರು. ಅವರು ‘ಪ್ರಾಯಶಃ’ ಎಂದರು. ಅವರ ಹಿಂದೆ ಬಂದ ನಾವು ಆ ಪದವನ್ನು ಕೈಬಿಟ್ಟೆವು. ಇದು ಪೂರ್ವಪಕ್ಷ.

ಇದನ್ನು ಪರೀಕ್ಷಿಸಬೇಕಾದರೆ ಸ್ಥೈರ್ಯವೆಂದರೇನೆಂಬುದನ್ನು ತಿಳಿಯಬೇಕು. ತೇಲುವ ವಸ್ತುವಿನ ಭಾರವು ಅದು ತಳ್ಳಿದ ನೀರಿನ ಭಾರಕ್ಕೆ ಸಮವೆಂಬುದನ್ನು ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಗ್ರೀಕ ಪಂಡಿತನಾದ ಆರ್ಕಿಮಿಡೀಸನು ಸಾಧಿಸಿದನು. ಆತನು ಅಷ್ಟಕ್ಕೇ ನಿಲ್ಲಲಿಲ್ಲ. ಓರೆಯಾಗಿ ನೀರಿಗಿಟ್ಟ ಘನಾಕೃತಿಯು ಯಾವಾಗ ನೆಟ್ಟಗಾಗುವುದು, ಯಾವಾಗ ಆಗದು ಎಂಬುದನ್ನು ಪ್ಯಾರಬೊಲಾಕೃತಿಯ ಘನಖಂಡವೊಂದರ ವಿಷಯದಲ್ಲಿ ತನ್ನ ಗ್ರಂಥದ ಎರಡನೆಯ ಭಾಗದಲ್ಲಿ ವಿಚಾರಿಸಿದನು. ಆದರೆ ಹಡಗು ಕಟ್ಟುವ ಬಡಗಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಗ್ರಂಥವು 1269ರಲ್ಲಿ ಲ್ಯಾಟಿನ್ ಭಾಷೆಗೆ ಇಳಿಯಿತು. ಅದರ ಗ್ರೀಕ ಮೂಲದ ಬಹುಭಾಗವು, ಅಳಿಸಿ ಮೇಲೆ ಪ್ರಾರ್ಥನಾಗ್ರಂಥವನ್ನು ಬರೆದಿದ್ದ ಒಂದು ಚರ್ಮಪತ್ರದ ಪ್ರತಿಯಲ್ಲಿ 1906ರಲ್ಲಿ ಹೈಬರ್ಗ್ ಎಂಬ ವಿದ್ವಾಂಸನ ಕಣ್ಣಿಗೆ ಬಿದ್ದಿತು. ಅಲ್ಲಿ ಉಪಪತ್ತಿಯಿದ್ದಿತು, ಅದನ್ನು ನಾವೆಗೆ ಅನ್ವಯಿಸುವ ದಾರಿಯಿರಲಿಲ್ಲ.

ಉಪಪತ್ತಿಯಿಲ್ಲದ ಲಕ್ಷಣಜ್ಞಾನದ ಗತಿಯೇನಾಗುವುದೆಂಬುದಕ್ಕೆ ಸ್ವೀಡನ್ ದೇಶದ ‘ವಾಸಾ’ ನೌಕೆಯೇ ನಿದರ್ಶನ. ರಾಜನಾದ ಗುಸ್ತಾವ್ ಅಡಾಲ್ಫನ ಅಪ್ಪಣೆಯಂತೆ ಎರಡು ಅಂತಸ್ತುಗಳಲ್ಲಿ ಕಂಚಿನ ಫಿರಂಗಿಗಳನ್ನು ಹೊತ್ತು ನಿಂತ ಈ ಹಡಗನ್ನು ಹೊರಡುವ ಮುನ್ನ ಪರೀಕ್ಷಿಸಲಾಯಿತು. ಮೂವತ್ತು ಮಂದಿ ಆಳುಗಳು ಅಟ್ಟದ ಮೇಲೆ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಓಡಿದರು. ಮೂರನೆಯ ಓಟಕ್ಕೇ ನಾವೆಯು ಭಯಂಕರವಾಗಿ ವಾಲಿದ್ದರಿಂದ ಪರೀಕ್ಷೆಯನ್ನು ನಿಲ್ಲಿಸಿದರು. ಪ್ರಯಾಣವನ್ನು ಮಾತ್ರ ನಿಲ್ಲಿಸಲಿಲ್ಲ. 1628ನೆಯ ಆಗಸ್ಟ್ 10ರಂದು ಸ್ಟಾಕ್‌ಹೋಮ್ ಬಂದರಿನಲ್ಲಿ ಸುಮಾರು 1300 ಮೀಟರು ಸಾಗುವಷ್ಟರಲ್ಲಿ ಗಾಳಿಯ ಹೊಡೆತಕ್ಕೆ ವಾಲಿ, ತೆರೆದಿದ್ದ ಫಿರಂಗಿಯ ಕಿಂಡಿಗಳಲ್ಲಿ ನೀರು ನುಗ್ಗಿ ಮುಳುಗಿತು. ತಳದಲ್ಲಿ ಸುಮಾರು 120 ಟನ್ನು ಕಲ್ಲನ್ನು ತುಂಬಿದ್ದರು. ಇನ್ನೂ ತುಂಬಿದ್ದರೆ ಕೆಳಗಿನ ಕಿಂಡಿಗಳೇ ನೀರಿನ ಮಟ್ಟಕ್ಕೆ ಇಳಿಯುತ್ತಿದ್ದುವು. ಕಟ್ಟಿದ ಸ್ಥಪತಿಯು ಹಿಂದಿನ ವರ್ಷವೇ ಮೃತನಾಗಿದ್ದನು. ಅಳತೆಗಳಿಗೆ ರಾಜನ ಒಪ್ಪಿಗೆಯಿದ್ದಿತು. ವಿಚಾರಣೆಯಲ್ಲಿ ಯಾರಿಗೂ ಶಿಕ್ಷೆಯಾಗಲಿಲ್ಲ. ತಪ್ಪು ಎಲ್ಲಿದೆಯೆಂದು ಲೆಕ್ಕದಿಂದ ತೋರಿಸಬಲ್ಲ ವಿದ್ಯೆಯೇ ಅಂದು ಅವರಲ್ಲಿರಲಿಲ್ಲ. 1961ರಲ್ಲಿ ಮೇಲೆತ್ತಲ್ಪಟ್ಟ ಆ ನಾವೆಯು ಈಗ ಆ ನಗರದ ವಸ್ತುಸಂಗ್ರಹಾಲಯದಲ್ಲಿದೆ.

ಆ ವಿದ್ಯೆಯು ದೊರೆತುದು 1746ರಲ್ಲಿ. ಭೂಗೋಲದ ಆಕಾರವನ್ನು ನಿರ್ಣಯಿಸುವುದಕ್ಕಾಗಿ 1735ರಲ್ಲಿ ಫ್ರೆಂಚ್ ಪಂಡಿತರೊಡನೆ ಪೆರು ಪ್ರಾಂತ್ಯಕ್ಕೆ ಹೋಗಿದ್ದ ಪಿಯೇರ್ ಬೂಗೇರನು ನೌಕೆಯನ್ನು ಕುರಿತ ತನ್ನ ಮಹಾಗ್ರಂಥವನ್ನು ಆ ವರ್ಷ ಪ್ರಕಟಿಸಿದನು. ಆತನ ತತ್ತ್ವವನ್ನು ಹೀಗೆ ಸಂಗ್ರಹಿಸಬಹುದು. ಹಡಗಿನ ಭಾರವೆಲ್ಲ ಗುರುತ್ವಕೇಂದ್ರದಲ್ಲಿ ಕೆಳಕ್ಕೆಳೆಯುತ್ತದೆ. ನೀರಿನ ಒತ್ತಡವೆಲ್ಲ ಮುಳುಗಿದ ಭಾಗದ ಮಧ್ಯಬಿಂದುವಾದ ಪ್ಲವನಕೇಂದ್ರದಲ್ಲಿ ಮೇಲಕ್ಕೆತ್ತುತ್ತದೆ. ಹಡಗು ವಾಲಿದಾಗ ಮುಳುಗಿದ ಭಾಗದ ಆಕಾರವೇ ಬದಲಾಗುವುದರಿಂದ ಪ್ಲವನಕೇಂದ್ರವು ವಾಲಿದ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿಂದ ನೆಟ್ಟಗೆ ಮೇಲಕ್ಕೆಳೆದ ರೇಖೆಯು ಹಡಗಿನ ಮಧ್ಯರೇಖೆಯನ್ನು ಕೂಡುವ ಬಿಂದುವಿಗೆ ಬೂಗೇರನು ಮೆಟಾಸೆಂಟರ್ ಎಂದು ಹೆಸರಿಟ್ಟನು, ನಾವು ಸ್ಥೈರ್ಯಬಿಂದುವೆನ್ನೋಣ. ಗುರುತ್ವಕೇಂದ್ರವು ಈ ಬಿಂದುವಿಗಿಂತ ಕೆಳಗಿದ್ದರೆ ವಾಲಿದ ನಾವೆ ಮತ್ತೆ ನೆಟ್ಟಗಾಗುವುದು. ಮೇಲಿದ್ದರೆ ಆ ನಿಲುವಿನಲ್ಲಿ ಉಳಿಯಲಾರದೆ ಮತ್ತಷ್ಟು ವಾಲುವುದು. ಮುಳುಗುವ ಆಳವು ಒಂದೇ ಆಗಿದ್ದರೆ, ಪ್ಲವನಕೇಂದ್ರದ ಮೇಲೆ ಸ್ಥೈರ್ಯಬಿಂದುವಿನ ಎತ್ತರವು ಅಗಲದ ವರ್ಗಕ್ಕನುಸಾರವಾಗಿ ಏರುತ್ತದೆ. ಉದ್ದದ ದಿಕ್ಕಿನಲ್ಲಿ ಈ ಬಿಂದುವು ಬಹಳ ಎತ್ತರದಲ್ಲಿರುವುದರಿಂದ ಹಡಗು ಮುಂದಕ್ಕೋ ಹಿಂದಕ್ಕೋ ಮಗುಚುವುದು ವಿರಳ. ಆದರೆ ಸರಕಿನ ಭಾರವು ಒಂದು ಕೊನೆಗೆ ಸರಿದರೆ ಆ ಕೊನೆ ತಗ್ಗಿ ಮತ್ತೊಂದು ಮೇಲೇಳುತ್ತದೆ. 1749ರಲ್ಲಿ ಆಯ್ಲರನ ನೌಕಾಶಾಸ್ತ್ರವೂ ಪ್ರಕಟವಾಗಿ ಈ ವಿಚಾರವು ಗಣಿತದಲ್ಲಿ ಸುಪ್ರತಿಷ್ಠಿತವಾಯಿತು.

ಈ ತತ್ತ್ವವನ್ನು ಕೈಯಲ್ಲಿ ಹಿಡಿದು ‘ಯುಕ್ತಿಕಲ್ಪತರು’ವಿಗೆ ಹಿಂದಿರುಗೋಣ. ದೀರ್ಘಾವರ್ಗದಲ್ಲಿ ದೀರ್ಘಿಕೆಯ ಉದ್ದ 32 ಹಸ್ತ, ಅಗಲ 4. ಅಶುಭವಾದ ಲೋಲೆಯ ಉದ್ದ 64, ಅಗಲ 8. ಈ ವರ್ಗದ ಹತ್ತರಲ್ಲಿಯೂ ಅಗಲವು ಉದ್ದದ ಎಂಟನೆಯ ಒಂದು ಭಾಗ, ಎತ್ತರವು ಹತ್ತನೆಯ ಒಂದು ಭಾಗ. ಉನ್ನತಾವರ್ಗದಲ್ಲಿ ಲಾಭಕರವಾದ ಊರ್ಧ್ವೆಯ ಉದ್ದ 32, ಅಗಲ 16, ಎತ್ತರ 16. ಅಶುಭವಾದ ಅನೂರ್ಧ್ವೆಯದು 48, 24, 24. ಅಲ್ಲಿಯೂ ಪ್ರಮಾಣವೊಂದೇ. ಪ್ರಮಾಣವು ಒಂದೇ ಆಗಿ ಭಾರವಿನ್ಯಾಸವೂ ಅದೇ ಪ್ರಮಾಣದಲ್ಲಿದ್ದರೆ ಗುರುತ್ವಕೇಂದ್ರ, ಪ್ಲವನಕೇಂದ್ರ, ಸ್ಥೈರ್ಯಬಿಂದುಗಳೆಲ್ಲವೂ ಒಂದೇ ಪ್ರಮಾಣದಲ್ಲಿ ಏರುವುವು. ಒಂದು ಸ್ಥಿರವಾದರೆ ಮತ್ತೊಂದೂ ಸ್ಥಿರ. ಒಂದು ಮಗುಚುವುದಾದರೆ ಮತ್ತೊಂದೂ ಮಗುಚಬೇಕು. ಆದ್ದರಿಂದ ಶುಭಾಶುಭವಿಭಾಗಕ್ಕೆ ಸ್ಥೈರ್ಯವು ಹೇತುವಾಗಲಾರದು.

ಇಲ್ಲಿ ಪೂರ್ವಪಕ್ಷಿಯು ಹೀಗೆನ್ನಬಹುದು: ‘ಸ್ಥೈರ್ಯವು ಬೇಡ, ದಾರ್ಢ್ಯವೇ ಹೇತುವಾಗಲಿ. ಆಕಾರವು ಒಂದೇ ಆದರೂ ಗಾತ್ರ ಹೆಚ್ಚಿದಂತೆ ಮರವು ತನ್ನ ಭಾರದಿಂದಲೇ ಮುರಿಯುವುದಷ್ಟೆ.’ ಈ ಮಾತು ತತ್ತ್ವತಃ ಸರಿ. 1638ರಲ್ಲಿ ಗೆಲಿಲಿಯೋ ವೆನಿಸ್ ನಗರದ ನೌಕಾಶಾಲೆಯನ್ನು ನೆನೆದು ತನ್ನ ಸಂವಾದಗ್ರಂಥವನ್ನು ಆರಂಭಿಸಿ, ದೊಡ್ಡ ಹಡಗಿಗೆ ಚಿಕ್ಕದಕ್ಕಿಂತ ಅಧಿಕವಾದ ಊರೆಗಳೇಕೆ ಬೇಕೆಂಬುದನ್ನು ಚರ್ಚಿಸಿದ್ದಾನೆ. ಅಲೆಯ ಶಿಖರವು ನಡುವಿಗೆ ಬಂದಾಗ ಹಡಗಿನ ಎರಡು ಕೊನೆಗಳೂ ಜೋಲುತ್ತವೆ. ಶಿಖರಗಳು ಕೊನೆಗಳಿಗೆ ಬಂದಾಗ ನಡುವು ಕುಸಿಯುತ್ತದೆ. ಉದ್ದನೆಯ ನಾವೆಗೆ ಈ ಬಾಗಾಟವು ಪ್ರಾಣಾಂತಿಕ. ಇಂಗ್ಲೆಂಡಿನ ರಾಬರ್ಟ್ ಸೆಪ್ಪಿಂಗ್ಸನು 19ನೆಯ ಶತಮಾನದ ಆರಂಭದಲ್ಲಿ ಓರೆತೊಲೆಗಳನ್ನು ಹಾಯಿಸಿ ಮರದ ಹಡಗುಗಳನ್ನು ಬಿಗಿಪಡಿಸಿದುದೂ, 1901ರಲ್ಲಿ ‘ಕೋಬ್ರಾ’ ಎಂಬ ಉಕ್ಕಿನ ಯುದ್ಧನೌಕೆಯು ಉತ್ತರಸಮುದ್ರದಲ್ಲಿ ಎರಡು ತುಂಡಾದುದೂ ಇದನ್ನೇ ಸಾರುತ್ತವೆ. ಆದರೆ ಪ್ರಕೃತದಲ್ಲಿ ಇದೂ ಸಲ್ಲದು. ಗಾತ್ರವೇ ದೋಷಕ್ಕೆ ಕಾರಣವಾದರೆ ದೀರ್ಘಾವರ್ಗದಲ್ಲಿ 144 ಹಸ್ತದ ಪ್ಲಾವಿನಿಗಿಂತ 160ರ ಧಾರಿಣಿಯೂ 176ರ ವೇಗಿನಿಯೂ ಹೆಚ್ಚು ಅಶುಭವಾಗಬೇಕಾಗಿತ್ತು, ಅವು ನಿರ್ದುಷ್ಟವೆನಿಸಿವೆ. ಸಾಮಾನ್ಯವರ್ಗದಲ್ಲಿ ಅಶುಭವಾದವು ಗಣನೆಯಲ್ಲಿ ಮೂರನೆಯದು, ಆರನೆಯದು, ಒಂಬತ್ತನೆಯದು ಎಂಬುದನ್ನು ಗಮನಿಸಿದರೆ, ಈ ವಿಭಾಗವು ವಾಸ್ತುಶಾಸ್ತ್ರದ ಆಯಗಣನೆಯಂತೆ ಸಂಖ್ಯೆಯನ್ನವಲಂಬಿಸಿದ ಫಲವಿಚಾರದ ಜಾತಿಯದೆಂದು ನನಗೆ ತೋರುತ್ತದೆ. ಇದು ಊಹೆಯೇ ಹೊರತು ಸಿದ್ಧಾಂತವಲ್ಲ.

ಗ್ರಂಥವು ಹೇತುವನ್ನು ಬಾಯಿಬಿಟ್ಟು ಹೇಳುವ ಸ್ಥಳವೂ ಒಂದುಂಟು. ಸಮುದ್ರಗಾಮಿಯಾದ ನಾವೆಯ ಹಲಗೆಗಳನ್ನು ಕಬ್ಬಿಣದಿಂದ ಜೋಡಿಸಬಾರದು. ಜೋಡಿಸಿದರೆ ಸಮುದ್ರದಲ್ಲಿರುವ ಅಯಸ್ಕಾಂತಶಿಲೆಗಳು ಅದನ್ನು ಸೆಳೆದುಕೊಳ್ಳುವುವು ಎಂದು ಅಲ್ಲಿ ಹೇಳಿದೆ. ಈ ಹೇತುವು ಅಸತ್ಯ. ವಿಧಿಯು ಮಾತ್ರ ನಿರರ್ಥಕವಲ್ಲ. ನಮ್ಮ ಕನ್ನಡ ಕರಾವಳಿಯನ್ನೊಳಗೊಂಡ ಪಡುಗಡಲ ತೀರದಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ದೋಣಿಗಳನ್ನು ಕಟ್ಟುತ್ತಿದ್ದರು. ಹೊಲಿದ ದೋಣಿಯು ಅಲೆಗೆ ಬಾಗಿ ಬಳುಕುತ್ತದೆ. ದಡಕ್ಕೆ ಬಡಿದಾಗ ಮೊಳೆ ಹೊಡೆದುದರಂತೆ ಥಟ್ಟನೆ ಸೀಳುವುದಿಲ್ಲ. ದೊಡ್ಡ ಗಾತ್ರಕ್ಕೆ ಅದು ಸಾಲದೆಂಬುದೂ ನಿಜ. ಹೋರ್ಮುಜಿನ ಹೊಲಿದ ಹಡಗುಗಳನ್ನು ಕಂಡ ಮಾರ್ಕೊ ಪೋಲೋ ಅವುಗಳನ್ನು ಅಪಾಯಕರವೆಂದನು. ಇಲ್ಲಿ ಜ್ಞಾನವಿದ್ದುದು ಬಡಗಿಯ ಕೈಯಲ್ಲಿ, ಗ್ರಂಥಕಾರನ ಹೇತುವಿನಲ್ಲಲ್ಲ.

ಉಪಪತ್ತಿಯು ದೊರೆತ ಮಾತ್ರಕ್ಕೆ ಪಾಶ್ಚಾತ್ಯರು ಕೃತಾರ್ಥರಾದರೆಂದೂ ಹೇಳುವಂತಿಲ್ಲ. 1870ರ ಸೆಪ್ಟೆಂಬರ್ 7ರ ನಡುರಾತ್ರಿಯ ಬಳಿಕ ಸ್ಪೇನ್ ದೇಶದ ಫಿನಿಸ್ಟೇರ್ ಭೂಶಿರದ ಬಳಿ ಆಂಗ್ಲರ ‘ಕ್ಯಾಪ್ಟನ್’ ಯುದ್ಧನೌಕೆಯು ಬಿರುಗಾಳಿಗೆ ಮಗುಚಿ 470ಕ್ಕೂ ಮಿಕ್ಕ ಜನ ಮಡಿದರು. ಅದನ್ನು ಕಲ್ಪಿಸಿದ ಕೋಲ್ಸನೂ ಅವರಲ್ಲೊಬ್ಬನು. ನೀರಿನ ಮಟ್ಟದಿಂದ ಅಟ್ಟದವರೆಗಿನ ಎತ್ತರವು ಕಟ್ಟುವಿಕೆಯಲ್ಲಿ ಉದ್ದೇಶಿಸಿದುದಕ್ಕಿಂತ ಕಡಿಮೆಯಾಗಿ ಸುಮಾರು ಆರೂವರೆ ಅಡಿಗೆ ಇಳಿದಿತ್ತು. ಆ ನಾವೆಗೆ ಮೊದಲ ವಾಲಿಕೆಯಲ್ಲಿ ಸ್ಥೈರ್ಯವಿತ್ತು. ಆದರೆ ಅಟ್ಟದ ಅಂಚು ಬೇಗನೆ ನೀರಿಗಿಳಿಯುತ್ತಿದ್ದುದರಿಂದ ಸುಮಾರು 21 ಅಂಶ ವಾಲಿದೊಡನೆ ನೆಟ್ಟಗಾಗುವ ಬಲವು ಕುಂದತೊಡಗುತ್ತಿತ್ತು. ಎತ್ತರವಾದ ಪಕ್ಕಗಳುಳ್ಳ ‘ಮೊನಾರ್ಕ್’ ಅದೇ ಬಿರುಗಾಳಿಯಲ್ಲಿ ಉಳಿಯಿತು. ದೊಡ್ಡ ಕೋನಗಳ ಸ್ಥೈರ್ಯವನ್ನು ಅಟ್‌ವುಡ್ ಎಂಬಾತನು 1790ರ ದಶಕದಲ್ಲಿಯೇ ವಿಚಾರಿಸಿದ್ದನು. ಲೆಕ್ಕವು ಪುಸ್ತಕದಲ್ಲಿತ್ತು, ಅದನ್ನು ಕೇಳುವ ಕಿವಿಯು ಬೇಕಾದ ಸ್ಥಳದಲ್ಲಿರಲಿಲ್ಲ.

ಇದರಿಂದ ಸಿದ್ಧವಾದುದೇನು? ‘ಯುಕ್ತಿಕಲ್ಪತರು’ವು ನೌಕಾಭೇದಗಳ ಸುಂದರವಾದ ಲಕ್ಷಣಗ್ರಂಥ, ಸ್ಥೈರ್ಯಶಾಸ್ತ್ರವಲ್ಲ. ಹೀಗೆಂದರೆ ನಮ್ಮ ಪೂರ್ವಿಕರಿಗೆ ಅಗೌರವವಾಗದು. ಭಾಸ್ಕರಾಚಾರ್ಯನು ತನ್ನ ಜ್ಯೋತಿಷಗ್ರಂಥಕ್ಕೆ ತಾನೇ ವಾಸನಾಭಾಷ್ಯವನ್ನು ಬರೆದು ಉಪಪತ್ತಿಗಳನ್ನಿತ್ತನು. ಉಪಪತ್ತಿಯನ್ನು ಕೇಳುವುದು ನಮಗೆ ಪರಕೀಯವಾದ ಬುದ್ಧಿಯೇನೂ ಅಲ್ಲ. ಇಲ್ಲದ ಉಪಪತ್ತಿಯನ್ನು ಗ್ರಂಥದ ಮೇಲೆ ಹೇರುವವನು ‘ವಾಸಾ’ ನೌಕೆಗೆ ಇನ್ನೊಂದು ಸಾಲು ಫಿರಂಗಿಯನ್ನು ಏರಿಸಿದವನಿಗೆ ಸಮಾನನು: ವೈಭವವು ಹೆಚ್ಚುವುದು, ನಿಲುವು ತಪ್ಪುವುದು. ತರಗತಿಗಳಲ್ಲಿ ಈ ಪ್ರಕರಣವನ್ನು ಬೋಧಿಸುವ ಅಧ್ಯಾಪಕ ಮಿತ್ರರು ಅದು ಹೇಳಿದಷ್ಟನ್ನು ಮಾತ್ರ ಹೇಳಲಿ. ಕರಾವಳಿಯ ಬಡಗಿಗಳ ಬಾಯಲ್ಲಿ ಉಳಿದಿರುವ ಪರಿಭಾಷೆಯನ್ನೂ ಅಳತೆಯ ಕ್ರಮಗಳನ್ನೂ ಶಕ್ತರಾದವರು ಸಂಗ್ರಹಿಸಲಿ. ಗ್ರಂಥದಲ್ಲಿ ಕಾಣದ ಸ್ಥೈರ್ಯಜ್ಞಾನವು ಅಲ್ಲಿ ಕಂಡರೂ ಕಾಣಬಹುದು. ಹಿಂದೆ ಸಭೆಯಲ್ಲಿ ನಾನು ಆಡಿದ ಮಾತನ್ನು ಈ ಮೂಲಕ ಹಿಂತೆಗೆದುಕೊಂಡಿದ್ದೇನೆ. ಇದರಲ್ಲಿಯೂ ಸ್ಖಾಲಿತ್ಯವಿದ್ದರೆ ವಿದ್ವಾಂಸರು ತಿದ್ದಿ ಉಪಕರಿಸಬೇಕೆಂದು ಪ್ರಾರ್ಥಿಸುತ್ತೇನೆ.