ಎಲ್ಲಿಯೂ ಇಲ್ಲದ ಊರು

1962ನೆಯ ಇಸವಿಯ ಜೂನ್ ತಿಂಗಳಲ್ಲಿ 'ದಿ ನ್ಯೂಯಾರ್ಕರ್' ಪತ್ರಿಕೆಯಲ್ಲಿ ಕಂತುಗಳಾಗಿ ಪ್ರಕಟಗೊಂಡು, ಸೆಪ್ಟೆಂಬರಿನಲ್ಲಿ ಗ್ರಂಥರೂಪವನ್ನು ತಳೆದ, ಅಮೆರಿಕೆಯ ಲೇಖಕಿ ರೇಚಲ್ ಕಾರ್ಸನ್ನರ 'ಸೈಲೆಂಟ್ ಸ್ಪ್ರಿಂಗ್', ಡಿ.ಡಿ.ಟಿ. ಮೊದಲಾದ ಕೀಟನಾಶಕಗಳ ಮೇಲಣ ಅಭಿಯೋಗಪತ್ರವೇ ಆಗಿದ್ದರೂ, ಆರಂಭವಾಗುವುದು ಅಂಕಿ ಅಂಶಗಳಿಂದಲ್ಲ, ಕಥೆಯೊಂದರಿಂದ. ಹಕ್ಕಿಗಳ ಕಲರವವಡಗಿದ, ದನಕುರಿಗಳು ವ್ಯಾಧಿಗ್ರಸ್ತವಾಗಿ ಮಡಿದ ಊರೊಂದನ್ನು ಚಿತ್ರಿಸಿ, ವಾಚಕನ ಚಿತ್ತವು ಕಳವಳಗೊಂಡ ತರುವಾಯ, ಅಂತಹ ಊರು ಎಲ್ಲಿಯೂ ಇಲ್ಲವೆಂದೂ, ಆದರೆ ಆ ವಿಪತ್ತುಗಳಲ್ಲಿ ಪ್ರತಿಯೊಂದೂ ಎಲ್ಲಿಯಾದರೂ ಸಂಭವಿಸಿದ್ದೇ ಎಂದೂ ಲೇಖಕಿಯು ತಾನಾಗಿ ಒಪ್ಪಿಕೊಳ್ಳುತ್ತಾಳೆ. ಪ್ರತಿವಾದಿಯು ಎತ್ತಬಹುದಾದ ಮೊದಲ ಆಕ್ಷೇಪವನ್ನು ತಾನೇ ಮುಂದಾಗಿ ನುಡಿದು ನಿಸ್ತೇಜಗೊಳಿಸುವ ಈ ಚಾತುರ್ಯವು ನುರಿತ ವಕೀಲನಿಗೆ ಒಪ್ಪುವಂಥದು.

ಪರಮಾಣು ಪರೀಕ್ಷೆಗಳ ವಿಕಿರಣಧೂಳಿಗೆ ಅಮೆರಿಕೆಯ ಜನ ಆಗಲೇ ಅಂಜಿದ್ದರು. ಕಣ್ಣಿಗೆ ಕಾಣದ ಆ ವಿಷದ ಪಕ್ಕದಲ್ಲಿಯೇ ಕಾಣದ ಇನ್ನೊಂದನ್ನು ನಿಲ್ಲಿಸಿದ್ದು ಆಕೆಯ ಎರಡನೆಯ ಉಪಾಯ. ಭಯವನ್ನು ಹೀಗೆ ಬಳಸಿದ್ದು ಅತಿಯಾಯಿತೆನ್ನುವವರುಂಟು. ಭಯದ ಬೆನ್ನಿಗೆ ಹತ್ತಾರು ಪುಟಗಳ ಆಧಾರಸೂಚಿ ಇದ್ದುದರಿಂದ ನಾನು ಹಾಗೆನ್ನಲಾರೆ. ಕೀಟನಾಶಕಗಳನ್ನು ಪೂರ್ಣವಾಗಿ ತ್ಯಜಿಸಬೇಕೆಂದು ಆಕೆ ಹೇಳಿರಲೂ ಇಲ್ಲ. ಕೀಟನಾಶಕಗಳನ್ನು ತಯಾರಿಸುತ್ತಿದ್ದ ಮಾನ್ಸಾಂಟೋ ಕಂಪನಿಯು ಪ್ರತ್ಯುತ್ತರವಾಗಿ, ಕೀಟಗಳೇ ಆಳುವ ಲೋಕವೊಂದನ್ನು ಕಲ್ಪಿಸಿ ಅಣಕುಬರಹವನ್ನು ಪ್ರಕಟಿಸಿತು. ಎದುರಾಳಿಯ ಅಸ್ತ್ರವನ್ನೇ ಎರವಲು ಪಡೆದುದು ಆ ಅಸ್ತ್ರದ ಬಲಕ್ಕೆ ಸಾಕ್ಷಿಯಾಯಿತಲ್ಲದೆ ಬೇರೇನೂ ಆಗಲಿಲ್ಲ. ತಾನು ಅರ್ಬುದರೋಗದಿಂದ ನರಳುತ್ತಿದ್ದುದನ್ನು ಕಾರ್ಸನ್ ಬಹಿರಂಗಪಡಿಸಲಿಲ್ಲ. ಸ್ವಂತ ನೋವು ಪಕ್ಷಪಾತವೆನಿಸಿ ವಾದವನ್ನು ದುರ್ಬಲಗೊಳಿಸೀತೆಂಬ ಎಚ್ಚರ ಆಕೆಗಿತ್ತು. 1963ರಲ್ಲಿ ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಲಹಾ ಸಮಿತಿಯು ಆಕೆಯ ಕಳವಳವನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು. ಮರುವರ್ಷ ಆಕೆ ತೀರಿಕೊಂಡಳು; ಅಮೆರಿಕೆಯ ಹೊಲಗಳಲ್ಲಿ ಡಿ.ಡಿ.ಟಿ. ನಿಷಿದ್ಧವಾದದ್ದು 1972ರಲ್ಲಿ.